ಡಿಶ್‌ವಾಷರ್ ಮತ್ತು ಮಲೆನಾಡಿನ ಮೆದುನೀರು

ಡಿಶ್‌ವಾಷರ್ ಜೊತೆ ಬರುವ ಪುಸ್ತಕವಾಗಲಿ, ಅಂಗಡಿಯವರು ಹೇಳಿಕೊಡುವ ಪಾಠವಾಗಲಿ, ಗಡಸು ನೀರನ್ನು, ಅಂದರೆ ಸುಣ್ಣದಂಶ ಹೆಚ್ಚಿರುವ ನೀರನ್ನು, ಮನಸ್ಸಿನಲ್ಲಿಟ್ಟುಕೊಂಡೇ ಇರುತ್ತದೆ. ಉಪ್ಪು ಖಾಲಿಯಾಗಲು ಬಿಡಬೇಡಿ, ತೊಳೆಯುವ ಪುಡಿ ಧಾರಾಳವಾಗಿ ಹಾಕಿ, ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲೆಂದು ಕೊನೆಯ ನೀರಿಗೆ ಸೇರುವ ದ್ರವ) ಹೆಚ್ಚಿಸಿ. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಈ ಮಾತು ಸರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೆರೆದ ಬಾವಿ ನೀರಿಗೆ, ಗುಡ್ಡದಿಂದ ಪೈಪಿನಲ್ಲಿ ಇಳಿಸಿಕೊಂಡ ಅಬ್ಬಿ ನೀರಿಗೆ, ಶಿವಮೊಗ್ಗದ ನಲ್ಲಿಯಲ್ಲಿ ಬರುವ ತುಂಗೆಯ ನೀರಿಗೆ ಇದೇ ಲೆಕ್ಕ ಹಿಡಿದರೆ ಪಾತ್ರೆ ಹಾಳಾಗುತ್ತದೆ. ಇಲ್ಲಿ ಸುರಿಯುವ ಮಳೆ ಮುರಕಲ್ಲು, ಕೆಂಪುಮಣ್ಣಿನ ಮೂಲಕ ಇಳಿಯುತ್ತದೆ. ದಾರಿಯಲ್ಲಿ ಸುಣ್ಣದಂಶ ಹೆಚ್ಚಾಗಿ ಸಿಗುವುದಿಲ್ಲ. ಹಾಗಾಗಿ ನೀರು ಬಹುಮಟ್ಟಿಗೆ ಮೆದು.

ಮೊದಲು ನಿಮ್ಮ ನೀರನ್ನು ಪರೀಕ್ಷಿಸಿ. ಬಾಟಲಿಯ ಅರ್ಧದಷ್ಟು ನೀರಿಗೆ ಸ್ನಾನದ ಸೋಪಿನ ನಾಲ್ಕೈದು ಚೂರು ಹಾಕಿ ಜೋರಾಗಿ ಕುಲುಕಿ. ನೊರೆ ದಟ್ಟವಾಗಿ ನಿಂತರೆ ಮೆದುನೀರು, ಮೊಸರು ಒಡೆದ ಹಾಗೆ ಬಿಳಿ ಕೆನೆ ತೇಲಿದರೆ ಗಡಸು. ನಿಖರವಾಗಿ ಬೇಕಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿ ಸಾಕು: ಗಡಸುತನ ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು, 180 ದಾಟಿದರೆ ತೀರಾ ಗಡಸು. ಬಾವಿ ಬತ್ತಿದ ಮೇಲೆ ಬೋರ್‌ವೆಲ್‌ಗೆ ಬದಲಾಯಿಸುವವರು ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಬೇಕು. ಆಳದ ಬಂಡೆಯ ನೀರಿನ ಗುಣವೇ ಬೇರೆ.

ಯಂತ್ರದ ತಳದಲ್ಲಿ ರೆಸಿನ್ ಹರಳುಗಳ ಒಂದು ಡಬ್ಬಿ ಇರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುವುದು ಅದರ ಕೆಲಸ. ಅದು ತುಂಬಿದಾಗ ತೊಳೆದು ಮತ್ತೆ ಸಜ್ಜು ಮಾಡಲು ಉಪ್ಪು ಬೇಕು. ನೀರು ಮೊದಲೇ ಮೆದುವಾಗಿದ್ದರೆ ರೆಸಿನ್‌ಗೂ ಕೆಲಸವಿಲ್ಲ, ಉಪ್ಪಿಗೂ ಇಲ್ಲ. ಕಾರ್ಖಾನೆಯಿಂದ ಬರುವಾಗ ಗಡಸುತನದ ಸೆಟ್ಟಿಂಗ್ ಸಾಮಾನ್ಯವಾಗಿ ಮಧ್ಯದಲ್ಲೆಲ್ಲೋ ಇರುತ್ತದೆ. ಅದನ್ನು ಸೊನ್ನೆಗೆ ಇಳಿಸಿ. ಹೆಚ್ಚಿನ ಮಾದರಿಗಳಲ್ಲಿ ಉಪ್ಪಿನ ದೀಪವೂ ಆಗ ಆರುತ್ತದೆ. ನಿಜಕ್ಕೂ ಉಪ್ಪು ಬೇಕಾದವರು ಡಿಶ್‌ವಾಷರ್‌ನ ಹರಳುಪ್ಪನ್ನೇ ಹಾಕಬೇಕು. ಅಡುಗೆಯ ಪುಡಿ ಉಪ್ಪು ಗಟ್ಟಿ ಕಟ್ಟುತ್ತದೆ, ಕಲ್ಲುಪ್ಪಿನಲ್ಲಿ ಮಣ್ಣು, ಕಸರು ಇರುತ್ತದೆ. ಹಾಕುವಾಗ ಚೆಲ್ಲಿದ ಉಪ್ಪುನೀರು ಸ್ಟೀಲಿನ ತಳವನ್ನು ತಿನ್ನುತ್ತದೆ. ಆದ್ದರಿಂದ ಉಪ್ಪು ಹಾಕಿದ ಕೂಡಲೇ ಒಂದು ವಾಷ್ ಓಡಿಸಿ.

ಪುಡಿಯ ವಿಷಯದಲ್ಲೂ ಕೈ ಬಿಗಿ ಹಿಡಿಯಿರಿ. ಗಾಜಿನ ಲೋಟ ಮಂಜು ಕವಿದಂತೆ ಕಂಡರೆ ಜನ ಮಾಡುವ ಮೊದಲ ಕೆಲಸ ಇನ್ನೊಂದು ಚಮಚ ಪುಡಿ ಸೇರಿಸುವುದು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಆ ಲೋಟದ ಮೇಲೆ ವಿನೆಗರ್ ಅಥವಾ ನಿಂಬೆರಸ ಸವರಿ ನೋಡಿ. ಮಬ್ಬು ಹೋದರೆ ಅದು ಸುಣ್ಣದ ಪೊರೆ. ಹೋಗದಿದ್ದರೆ, ಬೆಳಕಿಗೆ ಹಿಡಿದಾಗ ಕಾಮನಬಿಲ್ಲಿನ ಬಣ್ಣ ಮಿನುಗಿದರೆ, ಗಾಜಿನ ಮೇಲ್ಮೈಯೇ ಸವೆದಿದೆ, ಅದು ಮರಳಿ ಬರುವುದಿಲ್ಲ. ಸುಣ್ಣವನ್ನು ಕಟ್ಟಿಹಾಕಲೆಂದು ಪುಡಿಯಲ್ಲಿ ಬೆರೆಸಿದ ರಾಸಾಯನಿಕಕ್ಕೆ ಮೆದುನೀರಿನಲ್ಲಿ ಸುಣ್ಣ ಸಿಗುವುದಿಲ್ಲ. ಅದೂ ಕ್ಷಾರವೂ ಬಿಸಿನೀರೂ ಸೇರಿ ಗಾಜನ್ನೇ ಕರಗಿಸುತ್ತವೆ. ಪ್ಯಾಕೆಟ್ಟಿನ ಮೇಲೆ 20ರಿಂದ 25 ಗ್ರಾಂ ಎಂದಿದ್ದರೆ 12ರಿಂದ 15 ಗ್ರಾಂನಿಂದ ಶುರುಮಾಡಿ. ಜಿಡ್ಡು ಉಳಿದರೆ ಮಾತ್ರ ಹೆಚ್ಚಿಸಿ. ಪುಡಿಯ ಬದಲು ಸಿಗುವ ಡಿಶ್‌ವಾಷರ್ ಮಾತ್ರೆಯಲ್ಲಿ ಅಳತೆ ನಿಮ್ಮ ಕೈಯಲ್ಲಿ ಇರುವುದಿಲ್ಲ, ಹಾಗಾಗಿ ಮಲೆನಾಡಿಗೆ ಪುಡಿಯೇ ವಾಸಿ. ರಿನ್ಸ್ ಏಡ್ ಕೂಡ ಅತಿ ಕಡಿಮೆ ಹಂತದಲ್ಲಿಡಿ. ಲೋಟದ ಮೇಲೆ ನೀಲಿ ಗೆರೆ ಕಂಡರೆ ಅದು ಹೆಚ್ಚಾಗಿದೆ ಎಂದೇ ಅರ್ಥ.

ನಮ್ಮ ನೀರಿನ ನಿಜವಾದ ತೊಂದರೆ ಕಬ್ಬಿಣದ್ದು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಕಲೆ ಶುರು. ಬಿಳಿ ತಟ್ಟೆಗೆ ಹಳದಿ ಛಾಯೆ, ಯಂತ್ರದ ಒಳಗೋಡೆಗೆ ತುಕ್ಕಿನ ಬಣ್ಣ ಬರುತ್ತದೆ. ಯಂತ್ರವೇ ತುಕ್ಕು ಹಿಡಿಯಿತೆಂದು ಗಾಬರಿಯಾಗಬೇಡಿ. ತಿಂಗಳಿಗೊಮ್ಮೆ ಪಾತ್ರೆ, ಪುಡಿ ಎರಡೂ ಇಲ್ಲದೆ, ತಳಕ್ಕೆ 50 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ 65 ಡಿಗ್ರಿಯ ವಾಷ್ ಓಡಿಸಿದರೆ ಕಲೆ ಬಿಡುತ್ತದೆ. ಬ್ಲೀಚ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಮಳೆಗಾಲದಲ್ಲಿ ‘ನೀರು ಬರುತ್ತಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಒಳಬರುವ ಪೈಪಿನ ತುದಿಯ ಜಾಲರಿ. ನಲ್ಲಿ ನಿಲ್ಲಿಸಿ, ಪೈಪಿನ ನಟ್ಟು ಬಿಚ್ಚಿ, ಬೆರಳುಗುರಿನಷ್ಟಿರುವ ಆ ಜಾಲರಿಯನ್ನು ಇಕ್ಕಳದಿಂದ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಅಬ್ಬಿ ನೀರಿನ ಮನೆಗಳಲ್ಲಿ ಪಾಚಿ, ಎಲೆಯ ನಾರು, ಕೆಸರು ಅಲ್ಲಿ ಕೂತಿರುತ್ತವೆ. ಅಂಥ ಮನೆಗೆ ಯಂತ್ರದ ಮೊದಲೊಂದು ಸೆಡಿಮೆಂಟ್ ಫಿಲ್ಟರ್ (ಕೆಸರು ತಡೆಯುವ ಸೋಸುಕ) ಹಾಕಿಸುವುದು ಒಳ್ಳೆಯದು. ಒತ್ತಡವನ್ನೂ ಗಮನಿಸಿ. ಮಾದರಿಗೆ ತಕ್ಕಂತೆ ಕನಿಷ್ಠ 0.3ರಿಂದ 0.5 ಬಾರ್ ಬೇಕು, ಅಂದರೆ ಟ್ಯಾಂಕಿನ ನೀರು ಯಂತ್ರದ ಪೈಪಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ಹಂಚಿನ ಮನೆಯ ಪಕ್ಕ ಗಿಡ್ಡ ಕಟ್ಟೆಯ ಮೇಲೆ ಟ್ಯಾಂಕಿಟ್ಟವರಿಗೆ ಒತ್ತಡ ಸಾಲುವುದಿಲ್ಲ. ಯಂತ್ರಕ್ಕೆ ನೀರು ಕೊಡುವ ನಲ್ಲಿಯಲ್ಲಿ ಹತ್ತು ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಚಿಂತೆಯಿಲ್ಲ.

ತೊಳೆದ ನೀರು ತಳದಲ್ಲೇ ನಿಂತರೆ ಪ್ಲಗ್ ಕಿತ್ತು, ನೀರನ್ನು ಲೋಟದಲ್ಲಿ ಮೊಗೆದು ಬಟ್ಟೆಯಿಂದ ಹೀರಿಸಿ. ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎತ್ತಿ. ತೆಂಗಿನ ತುರಿ, ಕರಿಬೇವಿನ ದಂಟು, ಅನ್ನದ ಅಗುಳು ಸಿಗುತ್ತವೆ. ಅದರ ಕೆಳಗಿನ ಗುಂಡಿಯಲ್ಲಿ ಒಡೆದ ಗಾಜಿನ ಚೂರಿರಬಹುದು, ಬರಿಗೈ ಹಾಕಬೇಡಿ. ಹಲವು ಯಂತ್ರಗಳಲ್ಲಿ ಅಲ್ಲೇ ಬದಿಗೆ ಡ್ರೇನ್ ಪಂಪಿನ ಸಣ್ಣ ಮುಚ್ಚಳವಿರುತ್ತದೆ. ಚಮಚದ ಹಿಡಿಯಿಂದ ಎಬ್ಬಿಸಿ ಒಳಗಿನ ಚಕ್ರವನ್ನು ತಿರುಗಿಸಿ ನೋಡಿ. ಅದು ತಡೆತಡೆದು ತಿರುಗುವುದು ಸಹಜ, ಒಳಗೆ ಆಯಸ್ಕಾಂತವಿದೆ. ಸ್ವಲ್ಪವೂ ಅಲುಗದಿದ್ದರೆ ಏನೋ ಸಿಕ್ಕಿದೆ. ಮುಚ್ಚಳ ಮತ್ತೆ ಕೂರಿಸುವಾಗ ‘ಟಕ್’ ಎನ್ನಬೇಕು. ಬಾಷ್ ಯಂತ್ರಗಳ ಪರದೆಯಲ್ಲಿ ಕಾಣುವ ಇ 24 ಎಂಬ ಸೂಚನೆ ನೀರು ಹೊರಹೋಗದ್ದನ್ನೂ, ಇ 25 ಪಂಪ್ ಕಟ್ಟಿಕೊಂಡದ್ದನ್ನೋ ಈ ಮುಚ್ಚಳ ಸರಿಯಾಗಿ ಕೂರದ್ದನ್ನೋ ಹೇಳುತ್ತದೆ. ಇಷ್ಟಾದರೂ ನೀರು ಹೋಗದಿದ್ದರೆ ಹೊರಗಿನ ಪೈಪು ಎಲ್ಲೋ ಮಡಿಸಿಕೊಂಡಿರಬಹುದು. ಪೈಪನ್ನು ನೆಲಮಟ್ಟದ ಬಚ್ಚಲ ಮೋರಿಗೆ ನೇರ ಬಿಟ್ಟಿದ್ದರೆ ಸಮಸ್ಯೆ ತಿರುವುಮುರುವು: ನೀರು ತುಂಬುತ್ತಿದ್ದಂತೆಯೇ ತಾನಾಗಿ ಸೋರಿ ಹೋಗುತ್ತದೆ. ಪೈಪು ನೆಲದಿಂದ ಸುಮಾರು 40 ಸೆಂಟಿಮೀಟರಿಗೂ ಮೇಲೆ ಬಾಗಿ ಇಳಿಯಬೇಕು.

ಪಾತ್ರೆ ಒಂದೆಡೆ ಮಾತ್ರ ಕೊಳೆಯಾಗಿದ್ದರೆ ಸ್ಪ್ರೇ ಆರ್ಮಿನ (ತಿರುಗುತ್ತಾ ನೀರು ಚಿಮ್ಮಿಸುವ ತೋಳಿನ) ತೂತು ಕಟ್ಟಿರಬಹುದು. ಒಗ್ಗರಣೆಯ ಸಾಸಿವೆಯೇ ಇಲ್ಲಿ ಮುಖ್ಯ ಆರೋಪಿ, ತೂತಿಗೆ ಅಳತೆ ಮಾಡಿದಂತೆ ಕೂರುತ್ತದೆ. ಆರ್ಮ್ ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಕೇಳುತ್ತದೆ. ಹಲ್ಲುಕಡ್ಡಿಯಿಂದ ಚುಚ್ಚಿ, ನಲ್ಲಿಯ ಕೆಳಗೆ ಹಿಡಿಯಿರಿ. ಕಡುಬು, ಗಂಜಿಯ ಪಾತ್ರೆಗಳನ್ನು ಒಣಗಲು ಬಿಡದೆ ಒಮ್ಮೆ ಜಾಲಿಸಿ ಇಡಿ. ಹಲಸಿನ ಮೇಣ ಯಂತ್ರದಲ್ಲಿ ಹೋಗುವುದಿಲ್ಲ, ಎಣ್ಣೆ ಹಚ್ಚಿ ಒರೆಸಿದ ಮೇಲೇ ಒಳಗಿಡಿ. ಕಬ್ಬಿಣದ ಕಾವಲಿ, ಮರದ ಸೌಟು, ಹಿತ್ತಾಳೆ, ಅಲ್ಯೂಮಿನಿಯಂ ಹೊರಗೇ ಇರಲಿ. ಅಲ್ಯೂಮಿನಿಯಂ ಕ್ಷಾರಕ್ಕೆ ಕಪ್ಪಾಗುತ್ತದೆ.

ಯಂತ್ರ ನಿಂತು ಬರೀ ಪಂಪ್ ಓಡುತ್ತಲೇ ಇದ್ದರೆ ತಳದ ತಟ್ಟೆಯಲ್ಲಿ ನೀರು ಸೇರಿ ಅಲ್ಲಿನ ತೇಲುವ ಸ್ವಿಚ್ ಎದ್ದಿದೆ. ಬಾಷ್‌ನಲ್ಲಿ ಇದಕ್ಕೆ ಇ 15 ಎಂಬ ಸೂಚನೆ. ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಯಂತ್ರವನ್ನು ಹುಷಾರಾಗಿ ಬಾಗಿಸಿದರೆ ನೀರು ಇಳಿದು ಸೂಚನೆ ಹೋಗುತ್ತದೆ. ಆದರೆ ಸೋರಿದ್ದೆಲ್ಲಿಂದ ಎಂದು ಹುಡುಕದಿದ್ದರೆ ಮತ್ತೆ ಬರುತ್ತದೆ. ಕೈಯಲ್ಲಿ ಪಾತ್ರೆ ತಿಕ್ಕುವ ಸೋಪಿನ ಸಮೇತ ಒಳಗಿಟ್ಟ ಪಾತ್ರೆಯಿಂದ ಎದ್ದ ನೊರೆಯೂ ಇದಕ್ಕೆ ಕಾರಣವಾಗಬಹುದು, ಮೆದುನೀರಿನಲ್ಲಿ ನೊರೆ ಬೇಗ ಏಳುತ್ತದೆ.

ಆಷಾಢದ ಥಂಡಿಯಲ್ಲಿ ಬಾಗಿಲಿನ ರಬ್ಬರಿಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಬಾಗಿಲಿನ ಕೆಳಅಂಚಿಗೆ ಒಳಗಿನ ನೀರು ತಾಗುವುದೇ ಇಲ್ಲ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ವಾಷ್ ಮುಗಿದ ಅರ್ಧ ಗಂಟೆಗೆ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಿಡಿ. ಹಿಂಬದಿಯ ಸಂದಿಗೆ ಇಲಿ ನುಗ್ಗದಂತೆ ಜಾಲರಿ ಕಟ್ಟಿ. ಪೈಪು, ವೈರು ಎರಡನ್ನೂ ಅವು ಬಿಡುವುದಿಲ್ಲ.

ಹೀಟರ್ ಉರಿಯುವಾಗ ಸುಮಾರು 2,000 ವ್ಯಾಟ್ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಮನೆಯ ಸಾಮಾನ್ಯ ಇನ್ವರ್ಟರ್‌ಗೆ ಹಾಕಬೇಡಿ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಹೆಚ್ಚಿನ ಯಂತ್ರಗಳು ನಿಂತಲ್ಲಿಂದ ಮುಂದುವರಿಯುತ್ತವೆ. ಗುಡುಗು ಶುರುವಾದರೆ ಮಾತ್ರ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ವಾಷ್ ಮುಗಿದ ಕೂಡಲೇ ಸ್ಟೀಲ್ ಪಾತ್ರೆ ತಣ್ಣಗಿದ್ದರೆ ಹೀಟರ್ ಅಥವಾ ಅದಕ್ಕೆ ಕರೆಂಟು ಕೊಡುವ ಬೋರ್ಡಿನ ಸ್ವಿಚ್, ಅಂದರೆ ರಿಲೇ, ಹೋಗಿರಬಹುದು. ಇದು ಮೆಕ್ಯಾನಿಕ್‌ನ ಕೆಲಸ. ಶಿವಮೊಗ್ಗದಿಂದ ಹಳ್ಳಿಗೆ ಅವರನ್ನು ಕರೆಸುವ ಮೊದಲು ಪರದೆಯ ಮೇಲಿನ ಸೂಚನೆ, ಬಾಗಿಲಿನ ಅಂಚಿನ ಸ್ಟಿಕ್ಕರ್‌ನಲ್ಲಿರುವ ಮಾದರಿ ಸಂಖ್ಯೆ ಎರಡರ ಫೋಟೊ ತೆಗೆದು ಕಳಿಸಿ. ಬಿಡಿಭಾಗ ಮೊದಲ ಸಲವೇ ಜೊತೆಗೆ ಬರುತ್ತದೆ.