ಜಾಲ ವೇಗವಾಗಿತ್ತು, ಸಂದೇಶ ಬೇರೆ ದಾರಿ ಹಿಡಿದಿತ್ತು

ದ್ರವದ ಹರಿವನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಒಂದು ದಿನ, ಕಂಪ್ಯೂಟರ್ ಕ್ಲಸ್ಟರ್ ನೋಡಿಕೊಳ್ಳುವ ನಮ್ಮ ಕೊಠಡಿಗೆ ಬಂದರು. ಕ್ಲಸ್ಟರ್ ಎಂದರೆ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ, ಜಾಲದಿಂದ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು; ಅದರ ಒಂದೊಂದು ಕಂಪ್ಯೂಟರೂ ಒಂದು ನೋಡ್. 4 ನೋಡ್‌ಗಳಲ್ಲಿ ಎರಡು ಗಂಟೆಗೆ ಮುಗಿಯುತ್ತಿದ್ದ ಕೆಲಸ 16 ನೋಡ್‌ಗಳಲ್ಲಿ ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು. “ಮೇಡಂ, ನಮ್ಮದು 100 ಗಿಗಾಬಿಟ್ ಇನ್ಫಿನಿಬ್ಯಾಂಡ್ ಅಲ್ಲವೇ? ಅಷ್ಟು ಅಗಲದ ದಾರಿಯಿದ್ದೂ ಹೀಗೇಕೆ?” ಎಂದು ಕೇಳಿದರು. ಇನ್ಫಿನಿಬ್ಯಾಂಡ್ ಎಂದರೆ ಇಂಥ ಗುಂಪುಗಳಲ್ಲಿ ಬಳಸುವ ವೇಗದ ಜಾಲ.

ಅಗಲವನ್ನೇ ವೇಗವೆಂದು ತಿಳಿಯುವುದರಿಂದ ತೊಡಕು ಶುರುವಾಗುತ್ತದೆ. ನಾಲೆ ಎಷ್ಟೇ ಅಗಲವಾಗಿರಲಿ, ತೂಬು ಎತ್ತಿದ ಮೇಲೆ ಕೊನೆಯ ಭಾಗದ ಗದ್ದೆಗೆ ಮೊದಲ ಹನಿ ಮುಟ್ಟಲು ಹಿಡಿಯುವ ಹೊತ್ತು ಬೇರೆಯೇ ಲೆಕ್ಕ. 100 ಗಿಗಾಬಿಟ್ ಎಂದರೆ ಸೆಕೆಂಡಿಗೆ 12.5 ಗಿಗಾಬೈಟ್, 8 ಬೈಟ್‌ನ ಒಂದು ಸಂಖ್ಯೆ ತಂತಿಗೆ ಇಳಿಯಲು ಒಂದು ನ್ಯಾನೊಸೆಕೆಂಡೂ ಬೇಡ. ಆದರೆ ಅದೇ ಸಂಖ್ಯೆ ಇನ್ನೊಂದು ನೋಡ್‌ನಲ್ಲಿರುವ ಪ್ರೊಸೆಸ್‌ನ, ಅಂದರೆ ಅಲ್ಲಿ ಓಡುತ್ತಿರುವ ಪ್ರೋಗ್ರಾಂ ಪಾಲಿನ, ಕೈ ಸೇರಲು ಒಳ್ಳೆಯ ಇನ್ಫಿನಿಬ್ಯಾಂಡ್‌ನಲ್ಲೂ ಸುಮಾರು ಒಂದು ಮೈಕ್ರೊಸೆಕೆಂಡ್ ಬೇಕು. ಅಷ್ಟರಲ್ಲಿ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ 3 ಗಿಗಾಹರ್ಟ್ಸ್ ಕೋರ್ 3,000 ಬಾರಿ ಮಿಡಿದಿರುತ್ತದೆ. ಇಂಟರ್ನೆಟ್ಟಿನಲ್ಲೂ ಬಳಸುವ ಸಾಮಾನ್ಯ ಟಿಸಿಪಿ ದಾರಿಯಲ್ಲಾದರೆ ಸಂದೇಶ ಎರಡೂ ಕಡೆಯ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹಾದು, ಒಂದು ಬಫರ್‌ನಿಂದ (ತಾತ್ಕಾಲಿಕ ಮೆಮೊರಿ ಜಾಗ) ಮತ್ತೊಂದಕ್ಕೆ ನಕಲಾಗಿ ಹೋಗಬೇಕು. ಅದಕ್ಕೆ ಹತ್ತಾರು ಮೈಕ್ರೊಸೆಕೆಂಡ್‌ಗಳು ಹಿಡಿಯುತ್ತವೆ.

ಪರೀಕ್ಷೆಗೆಂದು ಎರಡು ನೋಡ್‌ಗಳಿಗೆ ನೇರವಾಗಿ ಲಾಗಿನ್ ಆಗಿ ಒಂದು ಪುಟ್ಟ ಸಂದೇಶವನ್ನು ಹೋಗಿಬರುವಂತೆ ಮಾಡಿದೆ: ಒಂದು ಕಡೆಗೆ ಒಂದೂವರೆ ಮೈಕ್ರೊಸೆಕೆಂಡ್. ಅದೇ ಪರೀಕ್ಷೆಯನ್ನು, ಬಳಕೆದಾರರ ಕೆಲಸಗಳನ್ನು (ಜಾಬ್) ನೋಡ್‌ಗಳಿಗೆ ಹಂಚುವ ಶೆಡ್ಯೂಲರ್ ಮೂಲಕ ಜಾಬ್ ಆಗಿ ಓಡಿಸಿದೆ: ಮೂವತ್ತಕ್ಕೂ ಹೆಚ್ಚು. ಯಂತ್ರವೂ ತಂತಿಯೂ ಒಂದೇ. ಬದಲಾಗಿದ್ದು ಜಾಬ್ ಹುಟ್ಟಿದ ಜಾಗ ಮಾತ್ರ.

ಇನ್ಫಿನಿಬ್ಯಾಂಡ್‌ನ ವೇಗದ ಗುಟ್ಟು ಆರ್‌ಡಿಎಂಎ, ಅಂದರೆ ಬೇರೆ ಯಂತ್ರದ ಮೆಮೊರಿಯನ್ನು ನೇರವಾಗಿ ಮುಟ್ಟುವ ವಿಧಾನ. ಇಲ್ಲಿ ಪ್ರೊಸೆಸ್ ಕರ್ನಲ್ ಅನ್ನು ಕೇಳದೆ ನೇರವಾಗಿ ಜಾಲದ ಕಾರ್ಡಿಗೆ ಆದೇಶ ಕೊಡುತ್ತದೆ. ಕಾರ್ಡು ಮೆಮೊರಿಯಿಂದ ತಾನೇ ಓದಿ, ಆಚೆಯ ಕಾರ್ಡಿನ ಮೂಲಕ ಅಲ್ಲಿಯ ಮೆಮೊರಿಗೆ ಬರೆಯುತ್ತದೆ. ಕಾರ್ಡು ಹೀಗೆ ಓದಿ ಬರೆಯುವಾಗ ಆ ಮೆಮೊರಿ ಪುಟಗಳು ಜಾಗ ಬದಲಿಸಬಾರದು, ಡಿಸ್ಕಿಗೂ ಸರಿಯಬಾರದು. ಆದ್ದರಿಂದ ಅವುಗಳನ್ನು ಮೊದಲೇ ನೋಂದಾಯಿಸಿ ಬೀಗ ಹಾಕಿಡಬೇಕು. ಒಂದು ಪ್ರೊಸೆಸ್ ಎಷ್ಟು ಮೆಮೊರಿಗೆ ಬೀಗ ಹಾಕಬಹುದೆಂಬುದಕ್ಕೆ ಲಿನಕ್ಸ್‌ನಲ್ಲಿ ಮಿತಿಯಿದೆ. ಲಾಗಿನ್ ಆದವರಿಗೆ ನಾವು ಆ ಮಿತಿಯನ್ನು ತೆಗೆದುಹಾಕಿದ್ದೆವು. ಆದರೆ ಶೆಡ್ಯೂಲರ್ ಸೇವೆ ಯಂತ್ರ ಬೂಟ್ ಆಗುವಾಗಲೇ ಏಳುತ್ತದೆ. ಲಾಗಿನ್‌ನ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ. ಅದರ ಮಿತಿ 64 ಕಿಲೊಬೈಟ್‌ನಲ್ಲೇ ನಿಂತಿತ್ತು, ಅದು ಹುಟ್ಟಿಸಿದ ಪ್ರತಿ ಜಾಬ್‌ಗೂ ಅದೇ ಬಳುವಳಿಯಾಗಿ ಬಂದಿತ್ತು. ನೋಂದಣಿ ಆಗದಿದ್ದಾಗ ಪ್ರೊಸೆಸ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಲೈಬ್ರರಿ ಒಂದು ಎಚ್ಚರಿಕೆ ಬರೆದು, ನೋಡ್‌ಗಳ ನಿರ್ವಹಣೆಗೆಂದು ಹಾಕಿದ್ದ 1 ಗಿಗಾಬಿಟ್ ಈಥರ್ನೆಟ್ ಮೇಲೆ ಟಿಸಿಪಿ ದಾರಿಯಲ್ಲಿ ಕೆಲಸ ಮುಂದುವರಿಸಿತ್ತು. ಸಾವಿರಾರು ಸಾಲುಗಳ ಲಾಗ್‌ನಲ್ಲಿ ಆ ಎಚ್ಚರಿಕೆ ಮೇಲೆಯೇ ಇತ್ತು. ನೋಡಬೇಕಾದವರು ನಾವು, ನೋಡಿರಲಿಲ್ಲ.

ಸೇವೆಯ ಕಡತದಲ್ಲಿ ಒಂದು ಸಾಲು ಬದಲಿಸಿದ್ದಕ್ಕೆ ಅದು ಸರಿಹೋಯಿತು. ಅಂದಿನಿಂದ ಎಂಪಿಐಗೆ ಟಿಸಿಪಿ ದಾರಿಯನ್ನೇ ಮುಚ್ಚಿದ್ದೇವೆ. ಇನ್ಫಿನಿಬ್ಯಾಂಡ್ ಸಿಗದಿದ್ದರೆ ಜಾಬ್ ಅಲ್ಲೇ ನಿಲ್ಲುತ್ತದೆ. ಬಳಕೆದಾರರಿಗೆ ಇದು ಕಿರಿಕಿರಿಯೆಂದು ಗೊತ್ತು. ಆದರೂ ಸದ್ದಿಲ್ಲದೆ ವಾರಗಟ್ಟಲೆ ನಿಧಾನವಾಗಿ ಓಡುವುದಕ್ಕಿಂತ ಅದೇ ವಾಸಿ ಎಂಬುದು ನನ್ನ ಗಟ್ಟಿ ನಂಬಿಕೆ.

ಆಮೇಲೆ 16 ನೋಡ್‌ಗಳಲ್ಲಿ ಕೆಲಸ ನಿಜಕ್ಕೂ ಬೇಗ ಮುಗಿಯತೊಡಗಿತು. ಆದರೆ ನಾಲ್ಕು ಪಟ್ಟು ಬೇಗ ಮುಗಿಯಲಿಲ್ಲ, ಅದನ್ನು ನಿರೀಕ್ಷಿಸಲೂ ಬಾರದು. ಹರಿವಿನ ಜಾಗವನ್ನು ಪುಟ್ಟ ಕೋಶಗಳಾಗಿ ಸೀಳಿ ಕೋರ್‌ಗಳಿಗೆ ಹಂಚಿರುತ್ತದೆ. ಒಂದು ಕೋರಿನ ಪಾಲಿಗೆ 100×100×100 ಕೋಶಗಳ ಘನ ಇದ್ದಾಗ 10 ಲಕ್ಷ ಕೋಶಗಳಿಗೆ 60,000 ಗಡಿಕೋಶಗಳನ್ನು ನೆರೆಯವರಿಂದ ತರಬೇಕು. ಪಾಲನ್ನು 10×10×10ಕ್ಕೆ ಇಳಿಸಿದರೆ 1,000 ಕೋಶಗಳಿಗೆ 600. ಪಾಲು ಚಿಕ್ಕದಾದಷ್ಟೂ ದುಡಿಮೆಗೆ ಹೋಲಿಸಿದರೆ ಮಾತುಕತೆ ಹೆಚ್ಚುತ್ತದೆ. ಇನ್ನೂ ದುಬಾರಿಯಾದದ್ದು ಎಲ್ಲರ ಮೊತ್ತ. ಆಕೆಯ ಪ್ರೋಗ್ರಾಂ ಬಳಸುತ್ತಿದ್ದ ಕಾಂಜುಗೇಟ್ ಗ್ರೇಡಿಯಂಟ್ ವಿಧಾನದಲ್ಲಿ (ಸುತ್ತು ಸುತ್ತಾಗಿ ಉತ್ತರಕ್ಕೆ ಹತ್ತಿರವಾಗುತ್ತ ಸಮೀಕರಣಗಳನ್ನು ಬಿಡಿಸುವ ಕ್ರಮ) ಪ್ರತಿ ಸುತ್ತಿಗೂ ಕನಿಷ್ಠ ಎರಡು ಬಾರಿ 1,024 ಪ್ರೊಸೆಸ್‌ಗಳೂ ತಮ್ಮ ತಮ್ಮ ಒಂದು ಸಂಖ್ಯೆಯನ್ನು ಕೂಡಿಸಿ, ಮೊತ್ತ ಬರುವವರೆಗೆ ಕಾಯಬೇಕು. ಜೋಡಿ ಜೋಡಿಯಾಗಿ ಕೂಡಿಸಿದರೂ 10 ಹಂತ: ನೋಡ್‌ಗೆ 64 ಕೋರ್ ಇರುವಲ್ಲಿ ಆರು ಹಂತ ನೋಡ್‌ನ ಒಳಗೇ ಮುಗಿದರೆ, ನಾಲ್ಕು ಜಾಲದ ಮೇಲೆ. ಅತಿ ನಿಧಾನದ ಪ್ರೊಸೆಸ್ ಬರುವ ತನಕ ಉಳಿದ 1,023 ಸುಮ್ಮನೆ ನಿಂತಿರುತ್ತವೆ.

ಈ ಕಷ್ಟವನ್ನು ಬೆಂಗಳೂರು ಬಹಳ ಹಿಂದೆಯೇ ಕಂಡಿದೆ. ಇಲ್ಲಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಲ್ಲಿ ರೂಪುಗೊಂಡ ಫ್ಲೋಸಾಲ್ವರ್ ಭಾರತದ ಮೊದಲ ಸಮಾನಾಂತರ ಕಂಪ್ಯೂಟರ್‌ಗಳಲ್ಲಿ ಒಂದು. ಅದರ ಮುಂದಿನ ಪೀಳಿಗೆಗಳಲ್ಲಿದ್ದ ಫ್ಲೋಸ್ವಿಚ್ ಎಂಬ ಸ್ವಿಚ್ (ಜಾಲದ ತಂತಿಗಳು ಕೂಡುವ ಸಾಧನ) ಸಂದೇಶಗಳನ್ನು ದಾಟಿಸುವುದರ ಜೊತೆಗೆ ದಾರಿಯಲ್ಲೇ ಅವುಗಳ ಮೇಲೆ ಲೆಕ್ಕವನ್ನೂ ಮಾಡುತ್ತಿತ್ತು. ಇಂದಿನ ಕೆಲವು ಇನ್ಫಿನಿಬ್ಯಾಂಡ್ ಸ್ವಿಚ್‌ಗಳು ಮೊತ್ತವನ್ನು ತಮ್ಮೊಳಗೇ ಕೂಡಿಸುವುದನ್ನು ಕಂಡಾಗಲೆಲ್ಲ ನನಗೆ ಆ ಯಂತ್ರದ ನೆನಪಾಗುತ್ತದೆ.

ನಮ್ಮ ಸ್ವಿಚ್‌ಗಳಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಸಮೀಕರಣಗಳನ್ನು ಮರುಜೋಡಿಸಿ ಎರಡು ಮೊತ್ತಗಳನ್ನು ಒಂದೇ ಸಂದೇಶದಲ್ಲಿ ಕಳುಹಿಸುವ ವಿಧಾನವನ್ನು ಆಕೆಗೆ ತೋರಿಸಿದೆ. 8 ಬೈಟ್ ಹೋದರೂ 16 ಬೈಟ್ ಹೋದರೂ ಕಾಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಆಕೆ ಅದನ್ನು ತಾವೇ ಬರೆದರು. ಲೆಕ್ಕದ ಕ್ರಮ ಬದಲಾದ್ದರಿಂದ ಉತ್ತರದ ಕೊನೆಯ ಅಂಕಿಗಳು ಹಿಂದಿನವುಗಳಿಗೆ ಹೊಂದಲಿಲ್ಲ; ಉತ್ತರ ಮೊದಲೇ ತಿಳಿದಿದ್ದ ಒಂದು ಹರಿವಿನ ಮೇಲೆ ಓಡಿಸಿ ನೋಡಿದ ಮೇಲೆಯೇ ಹೊಸ ಪ್ರೋಗ್ರಾಂ ಅನ್ನು ಬಳಕೆಗೆ ತಂದರು.