ಹಂಪ್ ಕಂಡಲ್ಲೇ ಕಾಲು ತೆಗೆದರೆ

ಮಂಡ್ಯದ ಪಕ್ಕದ ನಮ್ಮೂರಿಂದ ಮೈಸೂರಿಗೆ ಒಳರಸ್ತೆಯಲ್ಲಿ ಹೋದರೆ 22 ಹಂಪ್ ಸಿಗುತ್ತವೆ. ಊರು ಬಂತು ಅಂದರೆ ಒಂದು, ಶಾಲೆ ಬಂತು ಅಂದರೆ ಇನ್ನೊಂದು, ದೇವಸ್ಥಾನದ ಮುಂದೆ ಜೋಡಿ. ಇವನ್ನು ಎಣಿಸುವ ಹಾಗೆ ಮಾಡಿದ್ದು ನಮ್ಮ ಚಿಕ್ಕಪ್ಪ. ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಒಂದು ದಿನ ನನ್ನ ಪಕ್ಕ ಕೂತಿದ್ದರು. ಅರಳಿಕಟ್ಟೆ ದಾಟಿ ನಾನು 50ರಲ್ಲಿ ಹೋಗಿ, ಹಂಪ್ ಹತ್ತಿರ ಬಂದಾಗ ಬ್ರೇಕ್ ಹಾಕಿದೆ.

‘ಹಂಪು ಅಷ್ಟು ದೂರದಿಂದ್ಲೇ ಕಾಣ್ತಾ ಅದೆ ಕಣ್ಲಾ. ಇನ್ನೂ ಯಾಕೆ ಎಕ್ಸಲೇಟರ್ ತುಳೀತಿದ್ದೆ?’ ಅಂದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ.

ಇಬ್ಬರು ಕೂತ ಸಣ್ಣ ಕಾರು ಸುಮಾರು 1000 ಕಿಲೋ ತೂಗುತ್ತದೆ ಅಂದುಕೊಳ್ಳೋಣ. ಅದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿ ಸುಮಾರು 96 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಹಂಪ್ ದಾಟಲು 10ಕ್ಕೆ ಇಳಿಸಿದರೆ ಉಳಿಯುವುದು ಬರೀ 4 ಕಿಲೋಜೂಲ್. ಮಿಕ್ಕ 92 ಎಲ್ಲಿ ಹೋಯಿತು? ಬ್ರೇಕ್ ಪ್ಯಾಡು ಡಿಸ್ಕನ್ನು ಉಜ್ಜಿ, ಬಿಸಿಯಾಗಿ ಗಾಳಿಗೆ ಹೋಯಿತು. ಅಷ್ಟು ಶಾಖದಲ್ಲಿ ಕಾಲು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ತಣ್ಣೀರು ಕುದಿಯಲು ಶುರುವಾಗುತ್ತದೆ. ಒಂದು ಹಂಪ್‌ಗೆ ಇಬ್ಬರ ಕಾಫಿ ನೀರು!

ಈ ಶಕ್ತಿ ಬಂದಿದ್ದು ಪೆಟ್ರೋಲಿನಿಂದ. ಅದೂ ಸಲೀಸಾಗಿ ಬಂದಿದ್ದಲ್ಲ. ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಕೊಡುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಹಂಪ್ ದಾಟಿದ ಮೇಲೆ ಮತ್ತೆ 50ಕ್ಕೆ ಬರಲು ಸುಮಾರು 12 ಮಿಲಿಲೀಟರ್ ಪೆಟ್ರೋಲ್ ಬೇಕು. 22 ಹಂಪ್‌ಗೆ ಕಾಲು ಲೀಟರ್ ದಾಟುತ್ತದೆ. ಹೋಗುತ್ತಾ ಒಮ್ಮೆ, ಬರುತ್ತಾ ಇನ್ನೊಮ್ಮೆ.

ಇದನ್ನು ಇನ್ನೊಂದಕ್ಕೆ ಹೋಲಿಸಿ ನೋಡಿ. ಸಣ್ಣ ಪೆಟ್ರೋಲ್ ಕಾರು ಸುಮ್ನೆ ನಿಂತು ಎಂಜಿನ್ ಓಡುತ್ತಿದ್ದರೆ ನಿಮಿಷಕ್ಕೆ ಸುಮಾರು 10 ಮಿಲಿ ಕುಡಿಯುತ್ತದೆ. ಎಸಿ ಹಾಕಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಸಿಗ್ನಲ್‌ನಲ್ಲಿ, ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡುವುದು ಒಳ್ಳೆಯದೇ, ಮಾಡಲೇಬೇಕು. ಆದರೆ ಒಂದು ನಿಮಿಷ ಆಫ್ ಮಾಡಿ ಉಳಿಸಿದ್ದನ್ನು ಮುಂದಿನ ಹಂಪ್‌ನಲ್ಲಿ ಒಂದೇ ಬ್ರೇಕಿಗೆ ಕಳೆಯುತ್ತೇವೆ ಅಲ್ವಾ? ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಂಪ್ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಏನಾಗುತ್ತದೆ? ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಚಿಮುಕಿಸುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಕಂಪ್ಯೂಟರು. ಗೇರಿನಲ್ಲಿ ಇದ್ದುಕೊಂಡೇ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಪೆಟ್ರೋಲ್ ಬೇಡ ಅಂತ ಕಂಪ್ಯೂಟರು ಇಂಜೆಕ್ಟರನ್ನೇ ಮುಚ್ಚಿಬಿಡುತ್ತದೆ. ಎಂಜಿನ್ ವೇಗ ತೀರಾ ಇಳಿದು, ಇನ್ನು ಆಫ್ ಆಗಿಬಿಡುತ್ತದೆ ಅನ್ನುವಾಗ ಮತ್ತೆ ತೆರೆಯುತ್ತದೆ. ಅಲ್ಲಿಯವರೆಗೆ ಕಾರು ಓಡುವುದು ಒಂದು ಹನಿಯೂ ಸುಡದೆ.

ನ್ಯೂಟ್ರಲ್ ಮಾಡಿದರೆ ಈ ಲಾಭ ಇಲ್ಲ. ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತದೆ. ಎಂಜಿನ್ ಆರದಂತೆ ಪೆಟ್ರೋಲ್ ಸುರಿಯಲೇಬೇಕು. ಇಂಜೆಕ್ಟರ್ ಬರುವ ಮುಂಚೆ ಇದ್ದ ಕಾರ್ಬುರೇಟರ್ ಕಾಲದಲ್ಲಿ ಕಲಿತವರು ಇಳಿಜಾರು ಬಂದರೆ ನ್ಯೂಟ್ರಲ್ ಮಾಡುತ್ತಾರೆ. ದಯವಿಟ್ಟು ಬಿಡಿ. ಅದರಲ್ಲೂ ಚಾಮುಂಡಿ ಬೆಟ್ಟದಲ್ಲಿ ಖಂಡಿತ ಬೇಡ.

ಬೆಟ್ಟ ನಮ್ಮ ಮೈಸೂರಿಗಿಂತ ಸುಮಾರು 300 ಮೀಟರ್ ಎತ್ತರ. ಅಷ್ಟು ಮೇಲಕ್ಕೆ ಕಾರನ್ನು ಎತ್ತುವುದಕ್ಕೇ 300ರಿಂದ 400 ಮಿಲಿ ಪೆಟ್ರೋಲ್ ಖರ್ಚಾಗುತ್ತದೆ. ರಸ್ತೆಯ ದೂರದ ಖರ್ಚು ಬೇರೆ. ಇಳಿಯುವಾಗ ಆ ಎತ್ತರದ ಶಕ್ತಿಯನ್ನೆಲ್ಲ ಬ್ರೇಕಿಗೇ ಬಿಟ್ಟರೆ 8 ಲೀಟರ್‌ಗೂ ಜಾಸ್ತಿ ನೀರು ಕುದಿಸುವಷ್ಟು ಶಾಖ ಆ ನಾಲ್ಕು ಚಕ್ರಗಳಲ್ಲಿ ಏಳುತ್ತದೆ. ದಸರಾ ರಜೆಯಲ್ಲಿ ಬೆಟ್ಟದ ಬುಡದಲ್ಲಿ ನಿಂತರೆ ಸುಟ್ಟ ರಬ್ಬರಿನಂಥ ವಾಸನೆ ಬರುತ್ತದಲ್ಲ, ಅದು ಇದೇ. ಬ್ರೇಕ್ ತೀರಾ ಕಾದರೆ ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಪೆಟ್ರೋಲೂ ನಿಂತಿರುತ್ತದೆ. ಪ್ರಾಣಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ಅಲ್ಲಿ ಹಂಪ್ ಇಲ್ಲ, ಬ್ರೇಕ್ ಕಡಿಮೆ. ಆದರೂ ಕೆಲವರಿಗೆ ಮೈಲೇಜ್ ಬರುವುದಿಲ್ಲ. ಅಲ್ಲಿ ತಿನ್ನುವುದು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. 80ರಿಂದ 100ಕ್ಕೆ ಹೋದರೂ ತಡೆ ಅರ್ಧಕ್ಕಿಂತ ಜಾಸ್ತಿ ಏರುತ್ತದೆ, ನಿಖರವಾಗಿ ಹೇಳಿದರೆ ನೂರಕ್ಕೆ 56. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಅಂದುಕೊಂಡರೆ ಇದರಿಂದ ಉಳಿಯುವುದು 7 ನಿಮಿಷ. ಬೇಕಾ ಬೇಡವಾ ನೀವೇ ನೋಡಿ. ನಿಧಾನ ಹೋಗುವವರು ಎಡಕ್ಕೆ ಇರಬೇಕು, ಅಷ್ಟೇ. ಕಾರಿನ ಮೇಲೆ ಖಾಲಿ ಕ್ಯಾರಿಯರ್ ಹೊತ್ತು ಹೋಗುವುದೂ ಗಾಳಿಗೆ ಕೊಡುವ ದಂಡ. ಕಿಟಕಿ ತೆರೆಯುವುದು ಊರೊಳಗೆ ಸರಿ, ಹೆದ್ದಾರಿಯಲ್ಲಿ ಅದೂ ಗಾಳಿಯ ತಡೆ ಹೆಚ್ಚಿಸುತ್ತದೆ.

ಟೈರಿನ ಗಾಳಿ ಎಲ್ಲರಿಗೂ ಗೊತ್ತಿರುವ ವಿಷಯ. ಒಂದೇ ಮಾತು: ಓಡಿ ಬಿಸಿಯಾದ ಟೈರು ಒತ್ತಡ ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರಿನಲ್ಲಿದೆ.

ನಮ್ಮ ಕಡೆ ಇನ್ನೊಂದು ಮಾತು ಜಾಸ್ತಿ ಕೇಳಿಬರುತ್ತದೆ: ‘ಎಥೆನಾಲ್ ಬೆರೆಸಿದ ಮೇಲೆ ಮೈಲೇಜ್ ಬಿತ್ತು.’ ಮಂಡ್ಯದ ಗದ್ದೆಯಲ್ಲಿ ಕಬ್ಬು ಬೆಳೆಯುವವರೇ ಇದನ್ನು ಹೇಳುತ್ತಾರೆ. ಕಬ್ಬಿನ ಕಾಕಂಬಿಯಿಂದಲೂ ಎಥೆನಾಲ್ ಆಗುತ್ತದೆ. ಅವರ ಮಾತಿನಲ್ಲಿ ನಿಜ ಇದೆ. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ನೂರಕ್ಕೆ 20 ಬೆರೆಸಿದರೆ ಲೀಟರಿನ ಶಕ್ತಿ ನೂರಕ್ಕೆ 6–7ರಷ್ಟು ಇಳಿಯುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಕಾಲಿನಲ್ಲಿರುವುದು ಅದಕ್ಕಿಂತ ದೊಡ್ಡದು.

ದೊಡ್ಡದು ಅಂತ ಅಳೆದೇ ಹೇಳುತ್ತಿದ್ದೇನೆ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಗನ್ನು ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ, ಮೀಟರ್ ಬರೆದಿಟ್ಟುಕೊಂಡೆ. ಮುಂದಿನ ಸಲ ಅಲ್ಲೇ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದೆ. ಮೂರು ಟ್ಯಾಂಕ್ ಹೀಗೆ ನೋಡಿದೆ. 16ರ ಆಸುಪಾಸು ಇದ್ದದ್ದು 18 ದಾಟಿತು. ಮೈಸೂರು ತಲುಪುವುದು ಎರಡು ಮೂರು ನಿಮಿಷ ತಡ ಆಯಿತು, ಅಷ್ಟೇ.

ಹೋದ ಭಾನುವಾರ ಚಿಕ್ಕಪ್ಪ ಮತ್ತೆ ಜೊತೆಗಿದ್ದರು. ಅರಳಿಕಟ್ಟೆ ಹತ್ತಿರ ಕಾಲು ತೆಗೆದೆ. ಕಾರು ತಾನಾಗಿ ನಿಧಾನವಾಗುತ್ತಾ ಬಂತು. ಮೂರನೇ ಗೇರು, ಆಮೇಲೆ ಎರಡನೆಯದು. ಬ್ರೇಕನ್ನು ಕೊನೆಯಲ್ಲಿ ಸ್ವಲ್ಪ ಮುಟ್ಟಿದೆ, ಹಂಪ್ ಹತ್ತಿ ಇಳಿದೆವು. ಅವರು ಏನೂ ಹೇಳಲಿಲ್ಲ. ಅವರ ತೊಡೆಯ ಮೇಲಿದ್ದ ಹೂವಿನ ಪೊಟ್ಟಣ ಅಲ್ಲಾಡಿರಲಿಲ್ಲ.