ಮರೆವು ಯಾವ ಕಡೆ ವಾಲುತ್ತದೆ?

ಶಿರಸಿಯಲ್ಲಿ ಕೂತು ಇಪ್ಪತ್ತೈದು ವರ್ಷಗಳಿಂದ ಬೇರೆಯವರ ಆತ್ಮಕತೆಗಳ ಹಸ್ತಪ್ರತಿ ತಿದ್ದುತ್ತಿದ್ದೇನೆ. ಹೆಸರುವಾಸಿ ಆತ್ಮಕತೆಯೊಂದರ ಮೇಲೆ ಅನುಮಾನ ಎದ್ದಾಗಲೆಲ್ಲ ಯಾರಾದರೂ ಕೇಳುತ್ತಾರೆ, ‘ಅಷ್ಟು ಹಳೆಯ ಸಂಗತಿ, ಸ್ವಲ್ಪ ಹೆಚ್ಚುಕಮ್ಮಿ ಆಗೋದು ಸಹಜ ಅಲ್ವಾ?’ ಸಹಜವೇ. ಆದರೆ ಆ ಹೆಚ್ಚುಕಮ್ಮಿ ಯಾರ ಪರವಾಗಿ ಆಗಿದೆ ಎಂದು ನಾನು ಮೊದಲು ನೋಡುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಅಂಕೋಲೆಯ ಮಾಸ್ತರರೊಬ್ಬರು ತಮ್ಮ ಬಾಲ್ಯ ಬರೆದು ತಂದಿದ್ದರು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತಲ್ಲ, ಅದನ್ನು ಆರು ವರ್ಷದ ಹುಡುಗನಾಗಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಅಂದು ಧೋ ಎಂದು ಮಳೆ ಸುರಿಯುತ್ತಿತ್ತು ಎಂದಿತ್ತು. ಏಪ್ರಿಲ್ ನಡುವೆ ನಮ್ಮ ಕರಾವಳಿಯಲ್ಲಿ ಅಂಥ ಮಳೆಯೇ? ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಂಗೀ, ಅದು ಮುಂದೆ ಪೊಲೀಸರು ಅಪ್ಪನನ್ನು ಕರೆದುಕೊಂಡು ಹೋದ ದಿನದ ಮಳೆ ಇರಬೇಕು’ ಅಂದರು. ಎರಡು ದಿನಗಳು ಅವರ ಮನಸ್ಸಿನಲ್ಲಿ ಕೂಡಿಕೊಂಡಿದ್ದವು. ಆ ಮಳೆಯಿಂದ ಅವರಿಗೆ ಲಾಭವೂ ಇರಲಿಲ್ಲ, ಬೇರೆಯವರಿಗೆ ನಷ್ಟವೂ ಇರಲಿಲ್ಲ.

ಅಮೆರಿಕದ ಜೇಮ್ಸ್ ಫ್ರೇ ಅವರದು ಬೇರೆ. ಕುಡಿತ, ಡ್ರಗ್ಸ್ ಚಟದಿಂದ ಹೊರಬಂದ ಅವರ ಆತ್ಮಕತೆ 2003ರಲ್ಲಿ ಬಂತು. 2005ರಲ್ಲಿ ಓಪ್ರಾ ವಿನ್‌ಫ್ರೇ ತಮ್ಮ ಟಿವಿ ಕಾರ್ಯಕ್ರಮಕ್ಕೆ ಅದನ್ನು ಆರಿಸಿದ ಮೇಲೆ ಲಕ್ಷಗಟ್ಟಲೆ ಪ್ರತಿ ಖರ್ಚಾದವು. 2006ರ ಜನವರಿಯಲ್ಲಿ ‘ದ ಸ್ಮೋಕಿಂಗ್ ಗನ್’ ತಾಣದವರು ಪೊಲೀಸ್ ದಾಖಲೆ ತೆಗೆಸಿ ನೋಡಿದರು. ಪುಸ್ತಕದಲ್ಲಿ ಸುಮಾರು ಮೂರು ತಿಂಗಳ ಜೈಲು. ದಾಖಲೆಯಲ್ಲಿ ಕೆಲವೇ ಗಂಟೆ. ತಿರುಚಿದ್ದೆಲ್ಲ ಒಂದೇ ಕಡೆ ವಾಲಿತ್ತು, ಬರೆದವರು ಇನ್ನಷ್ಟು ಭಯಂಕರವಾಗಿ ಕಾಣುವ ಕಡೆಗೆ. ಕೊನೆಗೆ ಪ್ರಕಾಶಕರು ಓದುಗರಿಗೆ ಹಣ ವಾಪಸ್ ಕೊಡಲು ಒಪ್ಪಬೇಕಾಯಿತು. ಚಟ ಬಿಡಲು ಒದ್ದಾಡುತ್ತಿದ್ದವರು ಆ ಪುಟಗಳನ್ನು ನಂಬಿದ್ದರಲ್ಲ, ನನಗೆ ಅದೇ ಜಾಸ್ತಿ ಸಂಕಟ.

ನೆನಪಿನ ಜೊತೆ ಪ್ರಾಮಾಣಿಕವಾಗಿ ಇರಬಹುದು. ಯುವಕ ರವೀಂದ್ರನಾಥ ಟಾಗೋರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಕೆಲ ಕಾಲ ಇದ್ದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ಆದರೆ ನೆನಪು ಚಿತ್ರ ಬಿಡಿಸುತ್ತದೆ, ನಡೆದದ್ದನ್ನು ನಕಲು ಮಾಡುವುದಿಲ್ಲ ಎಂದು ಆ ಪುಸ್ತಕದ ಆರಂಭದಲ್ಲೇ ಓದುಗರಿಗೆ ಹೇಳಿಬಿಟ್ಟಿದ್ದಾರೆ.

ನನ್ನನ್ನು ಈಗಲೂ ಕಾಡುವುದು ನಮ್ಮದೇ ಸೀಮೆಯ ಒಂದು ಹಸ್ತಪ್ರತಿ. ‘ಒಕ್ಕಲನ್ನು ನಾನೇ ಕರೆದು ಗದ್ದೆ ಬಿಟ್ಟುಕೊಟ್ಟೆ’ ಎಂದು ದೊಡ್ಡ ಮನೆತನದ ಹಿರಿಯರೊಬ್ಬರು ಬರೆದಿದ್ದರು. ಭೂ ಸುಧಾರಣಾ ಕಾಯ್ದೆಗೆ ಬಂದ 1974ರ ತಿದ್ದುಪಡಿಯ ನಂತರ ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ಸಾಕ್ಷಿ ನಿಲ್ಲಿಸಿ ಭೂಮಿ ಪಡೆದ ಕಾಲ ಅದು. ಹಾಗಾಗಿ ಆದೇಶದ ಪ್ರತಿ ಕೇಳಿದೆ. ತಂದುಕೊಟ್ಟರು. ಅವರು ಗೇಣಿಯನ್ನೇ ಅಲ್ಲಗಳೆದು ತಕರಾರು ಹಾಕಿದ್ದರು ಎಂದು ಅದರಲ್ಲೇ ಇತ್ತು. ‘ಆ ತಕರಾರನ್ನೇ ಬರೆಯಿರಿ, ಆಗ ಏನನಿಸಿತ್ತು, ಈಗ ಏನನಿಸುತ್ತದೆ ಬರೆಯಿರಿ’ ಎಂದೆ. ಅವರು ಒಪ್ಪಲಿಲ್ಲ. ಬೇರೆ ಕಡೆ ಅಚ್ಚು ಹಾಕಿಸಿದರು. ಪುಸ್ತಕ ಚೆನ್ನಾಗಿಯೇ ಹೋಯಿತು.

ಒಂದು ಮಧ್ಯಾಹ್ನ ಆ ಒಕ್ಕಲಿನ ಮಗಳು ಪುಸ್ತಕ ಹಿಡಿದುಕೊಂಡು ಬಂದರು. ಪುಟದ ಮೂಲೆ ಮಡಚಿತ್ತು. ‘ಅಕ್ಕಾ, ನಮ್ಮಪ್ಪ ಸಾಕ್ಷಿ ಹೇಳುವವರನ್ನು ಹುಡುಕಿಕೊಂಡು ಎರಡು ವರ್ಷ ಅಲೆದದ್ದು ಇದರಲ್ಲಿ ಎಲ್ಲಿದೆ?’ ಎಂದು ಕೇಳಿದರು.

ಈಗ ಅವರೇ ಬರೆಯುತ್ತಿದ್ದಾರೆ. ನಲವತ್ತು ಪುಟ ಆಗಿದೆ. ಅದನ್ನೂ ದಾಖಲೆ ಇಟ್ಟುಕೊಂಡೇ ತಾಳೆ ನೋಡುತ್ತೇನೆ ಎಂದು ಮೊದಲೇ ಹೇಳಿದ್ದೇನೆ. ‘ನೋಡಿ ಅಕ್ಕಾ’ ಅಂದಿದ್ದಾರೆ.